ಗ್ಲೌಸ್‌ಗೆ ನಂಬರ್ ಐತಿ, ಹಿಡಿಕಿಗೆ ಇಲ್ಲ

ದಸರಾ ರಜೆಗೆ ಗುತ್ತಲಕ್ಕೆ ಹೋದಾಗ ನಮ್ಮ ದೊಡ್ಡಪ್ಪನ ಮಗಳೂ ಬಂದಿದ್ದಳು. ಅಕ್ಕ ಈಗ ಓಬಿಜಿಯಲ್ಲಿ ಎರಡನೇ ವರ್ಷದ ಪಿಜಿ. ಓಬಿಜಿ ಅಂದ್ರೆ ಹೆರಿಗೆ ಮತ್ತು ಸ್ತ್ರೀರೋಗ ವಿಭಾಗ, ಎಂಬಿಬಿಎಸ್ ಆದ ಮೇಲೆ ಮೂರು ವರ್ಷದ ಎಂ.ಎಸ್. ಊಟಕ್ಕೆ ಕೂತಾಗ ರೊಟ್ಟಿ ಮುರಿಯೋದು ಬಿಟ್ಟು ಬಲಗೈ ಹೆಬ್ಬೆರಳನ್ನ ಮತ್ತೆ ಮತ್ತೆ ನೀವಿಕೊಳ್ತಿದ್ದಳು. ಏನಾಯ್ತು ಅಂತ ಕೇಳಿದೆ.

“ಜೋಮು ಹಿಡಿದೈತಿ ತಮ್ಮಾ. ಮೊನ್ನೆ ಲ್ಯಾಪ್ ಕೇಸ್ ಇತ್ತು.” ಸ್ವಲ್ಪ ಹೊತ್ತು ಬಿಟ್ಟು ಮೆಲ್ಲಗೆ, “ನನ್ನ ಕೈ ಈ ಕೆಲಸಕ್ಕ ಬಂದದ್ದಲ್ಲ ಅನಸ್ತೈತಿ. ನನ್ನ ಜೋಡಿ ಸೇರಿದ ಹುಡುಗ ಆಗಲೇ ಒಳಗ ಗಂಟು ಹಾಕ್ತಾನ. ನಾ ಇನ್ನೂ ಕ್ಯಾಮೆರಾ ಹಿಡ್ಕೊಂಡು ನಿಂತೀನಿ. ಹೆರಿಗಿ, ಸಿಸೇರಿಯನ್ ಅಷ್ಟ ಸಾಕು ಬಿಡು” ಅಂದಳು.

ಈ ಮಾತು ನನಗೆ ಒಪ್ಪಿಗೆ ಆಗಲಿಲ್ಲ. ಯಾಕಂದ್ರೆ ಆ ಕೈ ನನಗೆ ಗೊತ್ತು. ರಾಣೆಬೆನ್ನೂರು, ಗುತ್ತಲ ಸುತ್ತಿನ ಹೊಲಗಳಲ್ಲಿ ಹೈಬ್ರಿಡ್ ಬೀಜದ ಪ್ಲಾಟ್ ಇರೋದು ಆ ಕಡೆಯವರಿಗೆಲ್ಲ ಗೊತ್ತು. ಕ್ರಾಸಿಂಗ್ ಕೆಲಸ ಪೂರ್ತಿ ಹೆಣ್ಣುಮಕ್ಕಳದ್ದೇ. ಹತ್ತಿ ಆದ್ರೆ ನಾಳೆ ಅರಳೋ ಮೊಗ್ಗನ್ನ ಇವತ್ತು ಮಧ್ಯಾಹ್ನ ಆರಿಸಿ, ಹೆಬ್ಬೆರಳ ಉಗುರಿನಿಂದ ಅದರ ಗಂಡು ಭಾಗವನ್ನ ಸುಲಿದು ತೆಗೀಬೇಕು, ಒಳಗಿನ ಶಲಾಕೆಗೆ ಗಾಯ ಆಗಬಾರದು. ಮರುದಿನ ಬೆಳಗ್ಗೆ ಬೇರೆ ಗಿಡದ ಪರಾಗ ಸವರಬೇಕು. ಟೊಮೆಟೊ ಆದ್ರೆ ಚಿಮಟದಿಂದ, ಇನ್ನೂ ಸಣ್ಣ ಹೂವು. ಅಕ್ಕ ಪಿಯುಸಿ ಮುಗಿಯೋವರೆಗೂ ರಜೆಯಲ್ಲಿ ಈ ಕೆಲಸ ಮಾಡಿದವಳು, ದಿನಕ್ಕೆ ನೂರಾರು ಹೂವು. ಇಂಥ ಕೈ ನಡುಗುತ್ತೆ, ಇಂಥ ಕೈಗೆ ಸೂಕ್ಷ್ಮ ಇಲ್ಲ ಅಂದ್ರೆ ನಾನಂತೂ ನಂಬಲ್ಲ.

ಹಾಗಾದ್ರೆ ತೊಂದರೆ ಎಲ್ಲಿದೆ? ಮೆಕ್ಯಾನಿಕಲ್ ವಿದ್ಯಾರ್ಥಿಯಾಗಿ ನನ್ನ ಅನುಮಾನ ಮೊದಲು ಹೋಗಿದ್ದು ಉಪಕರಣದ ಮೇಲೆ. ಆಮೇಲೆ ಓದುತ್ತಾ ಹೋದಾಗ ಆ ಅನುಮಾನ ಬಹುಮಟ್ಟಿಗೆ ಸರಿ ಅಂತ ಗೊತ್ತಾಯ್ತು.

ನಮ್ಮೂರ ಕಡೆ ‘ಲ್ಯಾಪ್ರೊಸ್ಕೋಪಿ’ ಅನ್ನೋ ಪದ ಗೊತ್ತಿಲ್ಲದ ಮನೆಯೇ ಇಲ್ಲ. ಆದರೆ ಅದು ಗೊತ್ತಿರೋದು ಕುಟುಂಬ ಯೋಜನೆ ಆಪರೇಷನ್ ಆಗಿ. ಹೊಕ್ಕುಳ ಹತ್ತಿರ ಒಂದೇ ತೂತು, ಅದರಲ್ಲಿ ಒಂದು ಕೊಳವೆ, ಡಾಕ್ಟರ್ ನೇರವಾಗಿ ಕಣ್ಣಿಟ್ಟು ನೋಡಿ ಗರ್ಭನಾಳಕ್ಕೆ ಸಿಲಿಕೋನ್ ಉಂಗುರ ತೊಡಿಸಿ ಹೊರಬರ್ತಾರೆ. ಒಂದೇ ಸಾಧನ, ಒಂದೇ ಕೆಲಸ. ಅಕ್ಕ ಕಲೀತಿರೋದು ಇದೇ ಹೆಸರಿನ, ಆದರೆ ಬೇರೆಯೇ ಜಾತಿಯ ಕೆಲಸ. ಅಂಡಾಶಯದ ಗಡ್ಡೆ, ಫೈಬ್ರಾಯ್ಡ್, ಕೊನೆಗೆ ಇಡೀ ಗರ್ಭಕೋಶ ತೆಗೆಯೋ ಆಪರೇಷನ್ನೂ ಈಗ ಮೂರ್ನಾಲ್ಕು ಸಣ್ಣ ತೂತುಗಳಿಂದ ಆಗುತ್ತೆ. ಹೊಟ್ಟೆಯೊಳಗೆ ಕಾರ್ಬನ್ ಡೈಆಕ್ಸೈಡ್ ತುಂಬಿ, ಪಾದರಸದ 12ರಿಂದ 15 ಮಿ.ಮೀ. ಒತ್ತಡದಲ್ಲಿ ಉಬ್ಬಿಸ್ತಾರೆ. ಟ್ರೋಕಾರ್ ಅನ್ನೋ ಕೊಳವೆಗಳನ್ನ ತೂರಿಸ್ತಾರೆ. ಒಂದರಲ್ಲಿ ಕ್ಯಾಮೆರಾ, ಉಳಿದವುಗಳಲ್ಲಿ 5 ಮಿ.ಮೀ. ದಪ್ಪದ ಉದ್ದನೆಯ ಇಕ್ಕಳ, ಕತ್ತರಿ, ಸೂಜಿ ಹಿಡಿಯೋ ಸಾಧನ. ಡಾಕ್ಟರ್ ಟಿವಿ ಪರದೆ ನೋಡ್ಕೊಂಡು ಕೆಲಸ ಮಾಡಬೇಕು.

ಮೊದಲ ವರ್ಷದ ಎಂಜಿನಿಯರಿಂಗ್ ಮೆಕ್ಯಾನಿಕ್ಸ್ ನೆನಪು ಮಾಡಿಕೊಳ್ಳಿ. ಟ್ರೋಕಾರ್ ಹೊಕ್ಕ ಜಾಗವೇ ಸನ್ನೆಕೋಲಿನ ಆನಿಕೆ ಬಿಂದು. ಹಾಗಾಗಿ ಕೈ ಎಡಕ್ಕೆ ಹೋದರೆ ತುದಿ ಬಲಕ್ಕೆ, ಕೈ ಮೇಲೆತ್ತಿದರೆ ತುದಿ ಕೆಳಗೆ. ಇದು ಕೆಲವು ದಿನಗಳಲ್ಲಿ ರೂಢಿಯಾಗುತ್ತೆ ಅಂತಾರೆ. ರೂಢಿಯಾಗೋಕೆ ಕಷ್ಟವಾದದ್ದು ಇನ್ನೊಂದಿದೆ. ಸಾಧನದ ಕಡ್ಡಿ ಸುಮಾರು 36 ಸೆಂ.ಮೀ. ಉದ್ದ ಅಂದ್ಕೊಳ್ಳಿ. 12 ಸೆಂ.ಮೀ. ಒಳಗೆ, 24 ಹೊರಗೆ ಇದ್ದಾಗ ಕೈ 2 ಸೆಂ.ಮೀ. ಸರಿದರೆ ತುದಿ 1 ಸೆಂ.ಮೀ. ಸರಿಯುತ್ತೆ. ಅದೇ ಕಡ್ಡಿಯನ್ನ ಕಿಬ್ಬೊಟ್ಟೆಯ ಆಳಕ್ಕೆ ಇಳಿಸಿ 24 ಒಳಗೆ, 12 ಹೊರಗೆ ಆಯ್ತು ಅನ್ನಿ. ಈಗ ಕೈಯ ಅದೇ 2 ಸೆಂ.ಮೀ.ಗೆ ತುದಿ 4 ಸೆಂ.ಮೀ. ಓಡುತ್ತೆ. ಒಂದೇ ಆಪರೇಷನ್‌ನಲ್ಲಿ, ಒಂದೇ ಸಾಧನದಲ್ಲಿ ಗೇನ್ ನಾಲ್ಕು ಪಟ್ಟು ಬದಲಾಯ್ತು! ಕೈಯ ನಡುಕವೂ ಅದೇ ಲೆಕ್ಕದಲ್ಲಿ ದೊಡ್ಡದಾಗುತ್ತೆ. ಆಡ್ತಾ ಆಡ್ತಾ ತನ್ನಷ್ಟಕ್ಕೆ ಸೆನ್ಸಿಟಿವಿಟಿ ಬದಲಾಯಿಸೋ ಮೌಸ್ ಕೊಟ್ಟರೆ ನೀವು ಗೇಮ್ ಆಡ್ತೀರಾ?

ಇನ್ನು ಸ್ವಾತಂತ್ರ್ಯದ ಲೆಕ್ಕ. ನೇರ ಕಡ್ಡಿ ಟ್ರೋಕಾರ್‌ನಲ್ಲಿ ನಾಲ್ಕೇ ರೀತಿ ಚಲಿಸಬಲ್ಲದು: ಒಳಗೆ-ಹೊರಗೆ, ಎಡ-ಬಲ, ಮೇಲೆ-ಕೆಳಗೆ, ತನ್ನ ಸುತ್ತ ತಿರುಗೋದು. ಮಣಿಕಟ್ಟು ಇಲ್ಲ. ತುದಿಯ ದವಡೆ ಮುಟ್ಟಿದ್ದು ಮೆತ್ತಗಿದೆಯೋ ಗಟ್ಟಿಯೋ ಅನ್ನೋ ಸುದ್ದಿ ಕೀಲು, ಒಳಗಿನ ರಾಡ್, ಟ್ರೋಕಾರ್‌ನ ರಬ್ಬರ್ ಸೀಲ್ ಎಲ್ಲದರ ಘರ್ಷಣೆ ದಾಟಿ ಬೆರಳಿಗೆ ಬರಬೇಕು. ಬರೋ ಹೊತ್ತಿಗೆ ಅರ್ಧ ಸುದ್ದಿ ದಾರಿಯಲ್ಲೇ ಸತ್ತಿರುತ್ತೆ. ಹಳೇ ಸಾಧನ ಆದ್ರೆ ಕೀಲಿನಲ್ಲಿ ಪ್ಲೇ ಬೇರೆ. ಹಿಡಿಕೆ ಒತ್ತಿದ ಮೊದಲ ಒಂದೆರಡು ಮಿ.ಮೀ. ದವಡೆ ಅಲ್ಲಾಡೋದೇ ಇಲ್ಲ, ಆಮೇಲೆ ಥಟ್ಟನೆ ಮುಚ್ಚುತ್ತೆ.

ಇಷ್ಟು ಕಷ್ಟ ಎಲ್ಲರಿಗೂ ಇದ್ದದ್ದೇ, ಅಕ್ಕನ ಜೋಡಿ ಸೇರಿದ ಹುಡುಗನಿಗೂ. ಅಕ್ಕನಂಥವರಿಗೆ ಇದರ ಮೇಲೆ ಇನ್ನೊಂದು ಪದರ ಇದೆ: ಹಿಡಿಕೆ.

ಸರ್ಜಿಕಲ್ ಗ್ಲೌಸ್‌ಗೆ ನಂಬರ್ ಇರುತ್ತೆ. 6, 6.5, 7, 7.5, 8 ಹೀಗೆ. ಅಂಗೈಯ ಸುತ್ತಳತೆ ಇಂಚಿನಲ್ಲಿ ಎಷ್ಟೋ ಹೆಚ್ಚುಕಡಿಮೆ ಅದೇ ನಂಬರ್. ಅರ್ಧ ಇಂಚಿನ ವ್ಯತ್ಯಾಸಕ್ಕೂ ಬೇರೆ ಗ್ಲೌಸ್ ಸಿಗುತ್ತೆ, ಯಾಕಂದ್ರೆ ಸಡಿಲವಾದ ಗ್ಲೌಸ್‌ನಲ್ಲಿ ಕೆಲಸ ಆಗಲ್ಲ ಅಂತ ಎಲ್ಲರಿಗೂ ಗೊತ್ತು. ಆ ಗ್ಲೌಸ್ ಹಾಕಿದ ಕೈ ಹಿಡಿಯೋ ಸಾಧನಕ್ಕೆ ಮಾತ್ರ ಸಾಮಾನ್ಯವಾಗಿ ಒಂದೇ ಅಳತೆ. ಅಕ್ಕನ ಗ್ಲೌಸ್ ನಂಬರ್ 6.

2004ರಲ್ಲಿ ರಾಮೋನ್ ಬರ್ಗರ್ ಮತ್ತು ಅಲನ್ ಹ್ರೆಲ್ಜಾಕ್ ಅನ್ನೋರು 726 ಲ್ಯಾಪರೊಸ್ಕೋಪಿ ಸರ್ಜನ್‌ಗಳನ್ನ ಕೇಳಿ ಒಂದು ಸಮೀಕ್ಷೆ ಪ್ರಕಟಿಸಿದರು. ಗ್ಲೌಸ್ ನಂಬರ್ 6.5 ಅಥವಾ ಅದಕ್ಕಿಂತ ಕಡಿಮೆ ಇದ್ದವರಿಗೆ ಈ ಸಾಧನಗಳನ್ನ ಬಳಸೋದು ಸ್ಪಷ್ಟವಾಗಿ ಹೆಚ್ಚು ಕಷ್ಟವಾಗಿತ್ತು, ಅದರಲ್ಲೂ ಸ್ಟೇಪ್ಲರ್. ಇವರು ಕಲಿಯೋ ಹುಡುಗರಲ್ಲ, ಕೆಲಸ ಮಾಡ್ತಿದ್ದ ಸರ್ಜನ್‌ಗಳು. ಸ್ತ್ರೀರೋಗ ವಿಭಾಗದಲ್ಲಿ ಸ್ಟೇಪ್ಲರ್ ಬಳಕೆ ಕಡಿಮೆ ಅನ್ನೋದು ನಿಜ. ಆದರೆ ರಕ್ತನಾಳವನ್ನ ಒತ್ತಿ, ಕಾಯಿಸಿ ಮುಚ್ಚೋ ಸೀಲರ್‌ಗಳ ಹಿಡಿಕೆಯೂ ಅದೇ ಪಿಸ್ತೂಲಿನ ಆಕಾರದ್ದು, ಅದೇ ದೊಡ್ಡ ಟ್ರಿಗರ್.

ಸಣ್ಣ ಕೈಗೆ ಯಾಕೆ ಕಷ್ಟ? ಬಲ ಕಡಿಮೆ ಅಂತ ಸುಮ್ಮನೆ ಹೇಳಿ ಮುಗಿಸಿದರೆ ಅರ್ಧ ಸತ್ಯ. ಲ್ಯಾಬ್‌ನಲ್ಲಿ ಗ್ರಿಪ್ ಡೈನಮೊಮೀಟರ್ ಇದ್ದರೆ ಹಿಡಿಕೆಯ ಅಗಲ ಬದಲಿಸಿ ಬದಲಿಸಿ ಒತ್ತಿ ನೋಡಿ. ಮುಷ್ಟಿಯ ಬಲ ನಡುವಿನ ಅಗಲದಲ್ಲಿ ಎಲ್ಲಕ್ಕಿಂತ ಹೆಚ್ಚು, ತೀರಾ ಅಗಲ ಮಾಡಿದರೆ ಬಿದ್ದುಹೋಗುತ್ತೆ. ದವಡೆ ಪೂರ್ತಿ ತೆರೆದಾಗ ಹಿಡಿಕೆಯ ಎರಡು ಉಂಗುರಗಳ ನಡುವಿನ ಅಂತರ ದೊಡ್ಡ ಕೈಗೆ ‘ನಡುವಿನ ಅಗಲ’, ಸಣ್ಣ ಕೈಗೆ ‘ತೀರಾ ಅಗಲ’. ಅಂದ್ರೆ ಇರೋ ಬಲವೂ ಪೂರ್ತಿ ಸಿಗಲ್ಲ.

ಬೆರಳು ಮುಟ್ಟದೇ ಇರೋದು ಇನ್ನೊಂದು ತೊಂದರೆ. ಹಿಡಿಕೆಯ ಮುಂದೆ ಕಡ್ಡಿಯನ್ನ ತಿರುಗಿಸೋ ಒಂದು ಚಕ್ರ ಇರುತ್ತೆ. ಉಂಗುರದಲ್ಲಿ ಬೆರಳಿಟ್ಟುಕೊಂಡೇ ತೋರುಬೆರಳಿನಿಂದ ಅದನ್ನ ತಿರುಗಿಸಬೇಕು. ಅಕ್ಕನ ತೋರುಬೆರಳು ಅಲ್ಲಿಗೆ ಮುಟ್ಟಲ್ಲ. ಆಗ ಅವಳು ಚಕ್ರ ತಿರುಗಿಸೋ ಬದಲು ಇಡೀ ಕೈಯನ್ನೇ ತಿರುಗಿಸ್ತಾಳೆ, ಮೊಣಕೈ ಮೇಲೇಳುತ್ತೆ, ಭುಜ ಎತ್ತುತ್ತೆ. ಸರ್ಜನ್‌ಗಳು ಈ ಭಂಗಿಗೆ ಕೋಳಿ ರೆಕ್ಕೆ ಅಂತಲೇ ಹೆಸರಿಟ್ಟಿದ್ದಾರೆ. ಎರಡು ತಾಸು ಹಾಗೆ ನಿಂತು ನೋಡಿ. ಇನ್ನು ಹೆಬ್ಬೆರಳು: ಉಂಗುರ ದೊಡ್ಡದಾದ್ದರಿಂದ ಹಿಡಿತ ಸಿಗಲಿ ಅಂತ ಹೆಬ್ಬೆರಳನ್ನ ಬುಡದವರೆಗೂ ತೂರಿಸಬೇಕಾಗುತ್ತೆ. ಲೋಹದ ಅಂಚು ಪಕ್ಕದ ನರವನ್ನ ಒತ್ತುತ್ತೆ. ಊಟಕ್ಕೆ ಕೂತಾಗ ಅಕ್ಕ ನೀವಿಕೊಳ್ತಿದ್ದ ಜೋಮು ಅದೇ. 1990ರ ದಶಕದಿಂದಲೇ ವೈದ್ಯಕೀಯ ಪತ್ರಿಕೆಗಳಲ್ಲಿ ಇದನ್ನ ಲ್ಯಾಪರೊಸ್ಕೋಪಿ ಸರ್ಜನ್‌ನ ಹೆಬ್ಬೆರಳು ಅಂತ ಬರೀತಾ ಬಂದಿದ್ದಾರೆ. ಹೆಸರಿಡೋಕೆ ಆಯ್ತು, ಉಂಗುರ ಸಣ್ಣ ಮಾಡೋಕೆ ಆಗಲಿಲ್ಲ ನೋಡಿ.

ಮೂರನೇದು ಟೇಬಲ್. ಉದ್ದನೆಯ ಸಾಧನದ ಹಿಡಿಕೆ ಉಬ್ಬಿದ ಹೊಟ್ಟೆಗಿಂತಲೂ ಮೇಲೆ ಇರುತ್ತೆ. ಅದು ಮೊಣಕೈ ಮಟ್ಟಕ್ಕೆ ಬರಬೇಕಾದ್ರೆ ಟೇಬಲ್ ತಗ್ಗಬೇಕು. 2002ರಲ್ಲಿ ನೆದರ್ಲೆಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ವ್ಯಾನ್ ವೀಲೆನ್ ಮತ್ತು ಸಂಗಡಿಗರು ಕಂಡುಕೊಂಡಂತೆ ಟೇಬಲ್ ಎತ್ತರ ಸರ್ಜನ್‌ನ ಮೊಣಕೈ ಎತ್ತರದ 0.7ರಿಂದ 0.8ರಷ್ಟು ಇದ್ದರೆ ಒಳ್ಳೇದು. ಮೊಣಕೈ 95 ಸೆಂ.ಮೀ. ಎತ್ತರದಲ್ಲಿರೋ ಡಾಕ್ಟರ್‌ಗೆ ಅದು ಸುಮಾರು 67ರಿಂದ 76 ಸೆಂ.ಮೀ. ತೆರೆದ ಆಪರೇಷನ್‌ಗಾಗಿ ಮಾಡಿದ ಹಳೇ ಟೇಬಲ್‌ಗಳು ಅಷ್ಟು ಕೆಳಗೆ ಇಳಿಯೋದು ಕಷ್ಟ. ಆಗ ಸ್ಟೂಲ್ ಮೇಲೆ ನಿಲ್ಲಬೇಕು. ಸ್ಟೂಲ್ ಮೇಲೆ ನಿಂತರೆ ಕಾಟರಿಯ ಪೆಡಲ್ ನೆಲದಲ್ಲೇ ಉಳಿಯಿತು! ಒಂದು ಕಾಲು ಸ್ಟೂಲ್ ಮೇಲೆ, ಇನ್ನೊಂದು ಪೆಡಲ್ ಹುಡುಕ್ತಾ ಗಾಳಿಯಲ್ಲಿ. “ಪೆಡಲ್ಲನ್ನೂ ಸ್ಟೂಲ್ ಮ್ಯಾಲ ಇಡ್ರಿ ಅಂತ ಕೇಳಾಕ ನನಗ ಆರು ತಿಂಗಳು ಬೇಕಾತು” ಅಂದಳು ಅಕ್ಕ. ಕೇಳಿದರೆ ಎಲ್ಲಿ ನಾಜೂಕು ಹೆಣ್ಣು ಅಂತಾರೋ ಅನ್ನೋ ಅಳುಕು.

ನನ್ನ ಪ್ರಕಾರ ಇಡೀ ಕಥೆಯ ಕೀಲಿ ಈ ಅಳುಕಿನಲ್ಲೇ ಇದೆ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಪಾಸಿಟಿವ್ ಫೀಡ್‌ಬ್ಯಾಕ್ ಗೊತ್ತಲ್ಲ. ಆಪರೇಷನ್ ಥಿಯೇಟರ್‌ನಲ್ಲಿ ಆ ದಿನದ ಲಿಸ್ಟ್ ಉದ್ದ ಇರುತ್ತೆ, ಅರಿವಳಿಕೆ ಕೊಟ್ಟವರು ಗಡಿಯಾರ ನೋಡ್ತಿರ್ತಾರೆ. ಕಲಿಯೋಳು ಹಿಡಿಕೆಯ ಜೊತೆ ಒದ್ದಾಡಿ ಎರಡು ನಿಮಿಷ ತಡ ಮಾಡಿದಳು. ಸೀನಿಯರ್ ‘ಕೊಡಮ್ಮ ಇಲ್ಲಿ’ ಅಂತ ಸಾಧನ ತಗೊಂಡರು. ತಪ್ಪಲ್ಲ, ರೋಗಿಯ ಸುರಕ್ಷತೆ ಮೊದಲು. ಮುಂದಿನ ಸಲ ವೇಗವಾಗಿ ಮಾಡೋ ಹುಡುಗನಿಗೆ ಅವಕಾಶ ಹೋಯ್ತು. ಅವನು ಇನ್ನೂ ವೇಗವಾದ, ಇವಳು ಇನ್ನೂ ಹಿಂದೆ ಬಿದ್ದಳು. ವರ್ಷ ಕಳೆಯೋಷ್ಟರಲ್ಲಿ ಮೊದಲಿದ್ದ ಎರಡು ನಿಮಿಷದ ವ್ಯತ್ಯಾಸ ‘ಇವಳ ಕೈ ಸರ್ಜರಿಗೆ ಬಂದದ್ದಲ್ಲ’ ಅನ್ನೋ ತೀರ್ಮಾನ ಆಗಿ ನಿಲ್ಲುತ್ತೆ. ಆ ತೀರ್ಮಾನವನ್ನ ಎಲ್ಲರಿಗಿಂತ ಮೊದಲು ನಂಬಿದವಳು ಅವಳೇ. ಸಾಧನದ ದೋಷ ಮನುಷ್ಯರ ಖಾತೆಗೆ ಜಮಾ ಆಗೋದು ಹೀಗೆ. ಓಬಿಜಿಗೆ ಸೇರೋರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು ಅನ್ನೋದನ್ನ ನೆನಪಿಟ್ಟುಕೊಂಡರೆ ಇದು ಒಬ್ಬಳ ಮನೆ ಕಥೆಯಾಗಿ ಉಳಿಯಲ್ಲ.

ತಪ್ಪಾದರೆ ಏನಾಗುತ್ತೆ ಅನ್ನೋದನ್ನೂ ಹೇಳಬೇಕು. ಗರ್ಭಕೋಶಕ್ಕೆ ರಕ್ತ ತರೋ ನಾಳ, ಕಿಡ್ನಿಯಿಂದ ಮೂತ್ರ ತರೋ ನಾಳದ ಮೇಲೆ ಅಡ್ಡ ಹಾದುಹೋಗುತ್ತೆ, ಗರ್ಭಕೊರಳಿನಿಂದ ಸುಮಾರು ಎರಡೇ ಸೆಂ.ಮೀ. ದೂರದಲ್ಲಿ. ಮೇಲಿನದನ್ನ ಕಾಯಿಸಿ ಮುಚ್ಚಬೇಕು, ಕೆಳಗಿನದಕ್ಕೆ ಬಿಸಿ ತಾಗಬಾರದು. ಅಲ್ಲಿ ಥಟ್ಟನೆ ಮುಚ್ಚೋ ದವಡೆ, ದಣಿದ ಹೆಬ್ಬೆರಳು ಇದ್ದರೆ ಹೇಗೆ? ಕಾಟರಿ ಸಾಧನದ ಮೇಲಿನ ಇನ್ಸುಲೇಷನ್ ತೊಳೆದು, ಆಟೋಕ್ಲೇವ್ ಮಾಡಿ ಮಾಡಿ ಸೂಜಿಮೊನೆಯಷ್ಟು ಬಿರಿದಿದ್ದರೆ ಕರೆಂಟ್ ಕ್ಯಾಮೆರಾಗೆ ಕಾಣದ ಜಾಗದಲ್ಲಿ ಕರುಳಿಗೆ ಹಾರಬಹುದು. ಬರೀ ಕಣ್ಣಿಗೆ ಈ ಬಿರುಕು ಕಾಣಲ್ಲ. ಹೆಚ್ಚಿನ ವೋಲ್ಟೇಜ್ ಹಾಯಿಸಿ ಪತ್ತೆ ಮಾಡೋ ಯಂತ್ರಗಳಿವೆ. ನಮ್ಮ ಇಲೆಕ್ಟ್ರಿಕಲ್ ಗೆಳೆಯರಿಗೆ ಇದು ದೊಡ್ಡ ವಿಷಯ ಅಲ್ಲ.

ಈ ಕ್ಷೇತ್ರ ಎಂಜಿನಿಯರಿಂಗ್‌ನಿಂದ ದೂರ ಅಂತ ಅನ್ನಿಸಿದರೆ ಕರ್ಟ್ ಸೆಮ್ ಬಗ್ಗೆ ಕೇಳಿ. ಜರ್ಮನಿಯ ಕೀಲ್ ನಗರದ ಸ್ತ್ರೀರೋಗ ತಜ್ಞ, ಸಾಧನ ರೂಪಿಸೋದರಲ್ಲೂ ಪಳಗಿದವರು. ಅನಿಲದ ಒತ್ತಡವನ್ನ ತಾನೇ ನಿಯಂತ್ರಿಸೋ ಯಂತ್ರ, ಒಳಗೆ ಗಂಟು ಹಾಕೋ ಕುಣಿಕೆ ಇವೆಲ್ಲ ಅವರ ಕೈಯವು. 1980ರಲ್ಲಿ ಲ್ಯಾಪರೊಸ್ಕೋಪಿಯಿಂದಲೇ ಅಪೆಂಡಿಕ್ಸ್ ತೆಗೆದರು. ಸ್ತ್ರೀರೋಗದವನೊಬ್ಬ ಸರ್ಜನ್‌ಗಳ ಕೆಲಸಕ್ಕೆ ಕೈ ಹಾಕಿದ ಅಂತ ದೊಡ್ಡ ಗಲಾಟೆ ಆಯ್ತು. ಕಲಿಯೋರಿಗಾಗಿ ಪೆಲ್ವಿ-ಟ್ರೇನರ್ ಅನ್ನೋ ಡಬ್ಬಿಯನ್ನೂ ಅವರೇ ರೂಪಿಸಿದ್ದು. ಹೊಟ್ಟೆಯಂಥ ಡಬ್ಬಿ, ಮೇಲೆ ತೂತು, ಒಳಗೆ ಅಭ್ಯಾಸದ ವಸ್ತು. 1988ರಲ್ಲಿ ಅಮೆರಿಕದ ಹ್ಯಾರಿ ರೀಚ್ ಮೊದಲ ಬಾರಿ ಲ್ಯಾಪರೊಸ್ಕೋಪಿಯಿಂದ ಗರ್ಭಕೋಶ ತೆಗೆದರು. ಇವತ್ತು ಅಮೆರಿಕದಲ್ಲಿ 2020ರ ಮೇ 31ರ ನಂತರ ತರಬೇತಿ ಮುಗಿಸಿದ ಓಬಿಜಿ ವೈದ್ಯರು ಬೋರ್ಡ್ ಪ್ರಮಾಣಪತ್ರಕ್ಕೆ ಡಬ್ಬಿಯ ಮೇಲಿನ ಪರೀಕ್ಷೆ ಪಾಸಾಗಲೇಬೇಕು. ಅದರಲ್ಲಿ ಮೊದಲ ಪಾಠ ಆರು ರಬ್ಬರ್ ತುಂಡುಗಳನ್ನ ಒಂದು ಬದಿಯ ಗೂಟಗಳಿಂದ ಎತ್ತಿ, ಗಾಳಿಯಲ್ಲೇ ಕೈ ಬದಲಿಸಿ, ಇನ್ನೊಂದು ಬದಿಯ ಗೂಟಗಳಿಗೆ ಹಾಕಿ, ಮತ್ತೆ ವಾಪಸ್ ತರೋದು. ಪಳಗಿದವರ ಗುರಿ 48 ಸೆಕೆಂಡ್. ಅಕ್ಕ ಮೊದಲ ಸಲ ನಾಲ್ಕು ನಿಮಿಷ ತಗೊಂಡಳು.

ಎಲ್ಲಿ ತಗೊಂಡಳು ಅಂದ್ರೆ ನಮ್ಮ ಮನೆ ಪಡಸಾಲೆಯಲ್ಲಿ. ಪ್ಲಾಸ್ಟಿಕ್ ಡಬ್ಬಿ, ಒಳಗೆ ಎಲ್‌ಇಡಿ ಪಟ್ಟಿ, ಮೇಲೆ ತೂತು ಕೊರೆದು ಸೈಕಲ್ ಟ್ಯೂಬಿನ ತುಂಡು. ಸಾಧನಗಳು ಅವರ ವಿಭಾಗದಲ್ಲಿ ಸವೆದು ಪಕ್ಕಕ್ಕಿಟ್ಟವು, ಕೇಳಿ ತಂದದ್ದು. ಕ್ಯಾಮೆರಾಗೆ ಮೊದಲು ನನ್ನ ಫೋನ್ ಇಟ್ಟು ವೈಫೈನಲ್ಲಿ ಟಿವಿಗೆ ಹಾಕಿದೆವು. ಪೂರಾ ಹಾಳು. ಕೈ ಸರಿದ ಮೇಲೆ ಚಿತ್ರ ಸರಿಯೋದು ಕಣ್ಣಿಗೇ ಕಾಣೋಷ್ಟು ತಡ. ವೈರಿನ ವೆಬ್‌ಕ್ಯಾಮ್ ಹಾಕಿದ ಮೇಲೆ ಸರಿಹೋಯ್ತು. ನೀವು ಮಾಡೋದಾದ್ರೆ ನೇರವಾಗಿ ವೈರಿನಿಂದಲೇ ಶುರು ಮಾಡಿ.

ಆಮೇಲೆ ನಿಜವಾದ ಪ್ರಯೋಗ. ಡಬ್ಬಿಯನ್ನ ಊಟದ ಟೇಬಲ್‌ನಿಂದ ಇಳಿಸಿ ಹಿಡಿಕೆ ಅಕ್ಕನ ಮೊಣಕೈ ಮಟ್ಟಕ್ಕೆ ಬರೋ ಹಾಗೆ ಸ್ಟೂಲ್ ಮೇಲೆ ಇಟ್ಟೆವು. ಹೆಬ್ಬೆರಳ ಉಂಗುರದೊಳಗೆ ಟ್ಯೂಬಿನ ರಬ್ಬರ್ ಸುತ್ತಿ ಸಣ್ಣ ಮಾಡಿದೆವು. ಸಂಜೆಯೊಳಗೆ ನಾಲ್ಕು ನಿಮಿಷ ಇದ್ದದ್ದು ಎರಡಕ್ಕೆ ಇಳಿಯಿತು. ಇದರಲ್ಲಿ ಅಭ್ಯಾಸದ ಪಾಲು ಎಷ್ಟು, ಹಿಡಿಕೆಯ ಪಾಲು ಎಷ್ಟು ಅಂತ ಒಬ್ಬಳ ಮೇಲೆ ಒಂದು ದಿನ ಮಾಡಿ ಹೇಳೋಕೆ ಆಗಲ್ಲ. ಹಾಗಂತ ಎಲ್ಲಾ ಹಿಡಿಕೆಯ ತಪ್ಪೇ ಅಂತಲೂ ನಾನು ವಾದಿಸ್ತಿಲ್ಲ. ಆರು ನಂಬರ್ ಕೈಯ ಅದ್ಭುತ ಸರ್ಜನ್‌ಗಳಿದ್ದಾರೆ, ಅವರು ಇಡೀ ಜನ್ಮ ಸಾಧನಕ್ಕೆ ತಕ್ಕಂತೆ ಕೈ ಬಗ್ಗಿಸಿಕೊಂಡವರು. ಅಷ್ಟು ಬಗ್ಗಬೇಕಾ ಅನ್ನೋದೇ ಪ್ರಶ್ನೆ. ದೊಡ್ಡಪ್ಪ ಅಲ್ಲೇ ಕೂತು ನೋಡ್ತಿದ್ದವರು, “ನಮ್ಮ ಕಮ್ಮಾರ ಕುಡಗೋಲಿಗೆ ಹಿಡಿಕಿ ಹಾಕಬೇಕಾದ್ರ ಯಾರ ಕೈಗೆ ಅಂತ ಕೇಳ್ತಾನ. ಇಷ್ಟು ರೊಕ್ಕದ ಸಾಮಾನು ಮಾಡಾವರು ಕೇಳಂಗಿಲ್ಲೇನು?” ಅಂದ್ರು.

ಈ ಸಾಧನಗಳ ವಿನ್ಯಾಸದ ದೊಡ್ಡ ಕೇಂದ್ರ ಜರ್ಮನಿಯ ಟುಟ್ಲಿಂಗೆನ್ ಅನ್ನೋ ಸಣ್ಣ ಪಟ್ಟಣ. ಅಲ್ಲಿ ಗುತ್ತಲದ ಕೈ ಅಳೆಯೋರು ಯಾರು? ಆದರೆ ನಮ್ಮ ಹತ್ತಿರ ಅಳತೆ ಇಲ್ಲ ಅನ್ನೋ ಹಾಗಿಲ್ಲ. ಅಹಮದಾಬಾದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್ 1997ರಲ್ಲೇ ದೇಬಕುಮಾರ್ ಚಕ್ರವರ್ತಿ ಅವರ ಭಾರತೀಯ ದೇಹ ಅಳತೆಗಳ ಪುಸ್ತಕ ತಂದಿದೆ. ವಿನ್ಯಾಸದ ಪಾಠದಲ್ಲಿ ಹೆಣ್ಣುಮಕ್ಕಳ 5ನೇ ಪರ್ಸೆಂಟೈಲ್‌ನಿಂದ ಗಂಡಸರ 95ನೇ ಪರ್ಸೆಂಟೈಲ್‌ವರೆಗೆ ಹೊಂದಬೇಕು ಅಂತ ಬಾಯಿಪಾಠ ಮಾಡ್ತೀವಲ್ಲ, ಅದನ್ನ ಹಚ್ಚೋಕೆ ಇದಕ್ಕಿಂತ ಒಳ್ಳೇ ಜಾಗ ಕಾಣೆ. ಒಂದು ಎಚ್ಚರಿಕೆ: ತ್ರೀಡಿ ಪ್ರಿಂಟ್ ಮಾಡಿದ ಪಿಎಲ್‌ಎ ತೋಳು ಡಬ್ಬಿಗೆ ಮಾತ್ರ. ಆಟೋಕ್ಲೇವ್ 121 ಡಿಗ್ರಿ, ಪಿಎಲ್‌ಎ 60ರ ಆಸುಪಾಸಿನಲ್ಲೇ ಮೆತ್ತಗಾಗುತ್ತೆ. ಥಿಯೇಟರ್‌ಗೆ ಹೋಗಬೇಕಾದ ಹಿಡಿಕೆಗೆ ಬೇರೆ ವಸ್ತು ಬೇಕು, 2017ರ ಮೆಡಿಕಲ್ ಡಿವೈಸಸ್ ರೂಲ್ಸ್ ಪ್ರಕಾರ ಪರವಾನಗಿಯೂ ಬೇಕು. ಡಬ್ಬಿಗೆ ಅದೇನೂ ಬೇಡ. ವಿಟಿಯು ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಇನ್ನೊಂದು ಹಾಜರಾತಿ ಆ್ಯಪ್ ಮಾಡೋ ಬದಲು ಇದನ್ನ ಯೋಚಿಸಿ.

2021ರಿಂದ ಸೇರಿದ ಪಿಜಿಗಳು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕು ಅನ್ನೋ ನಿಯಮ ಇದೆ. ಅಕ್ಕನ ಸರದಿ ಮುಂದಿನ ವರ್ಷ. ಹಾವೇರಿ ಕಡೆ ಬಂದರೆ ಚೆಂದ ಅಂತ ದೊಡ್ಡವ್ವನ ಆಸೆ. ಫೈಬ್ರಾಯ್ಡ್ ಇರೋ ಹೆಣ್ಣುಮಗಳಿಗೆ ದೊಡ್ಡ ಗಾಯದ ಆಪರೇಷನ್ ಆದ್ರೆ ವಾರಗಟ್ಟಲೆ ಹೊಲಕ್ಕೆ ಹೋಗೋ ಹಾಗಿಲ್ಲ, ಕ್ರಾಸಿಂಗ್ ಸೀಸನ್ ಪೂರ್ತಿ ಕೈತಪ್ಪುತ್ತೆ. ಸಣ್ಣ ತೂತಿನದು ಬೇಕಂದ್ರೆ ಹುಬ್ಬಳ್ಳಿ ಅಥವಾ ದಾವಣಗೆರೆ ಬಸ್ ಹತ್ತೋರೇ ಜಾಸ್ತಿ.

ಡಬ್ಬಿ ಈಗ ಅಕ್ಕನ ಹಾಸ್ಟೆಲ್‌ನಲ್ಲಿದೆ. ಹೋದ ವಾರ ಫೋನ್ ಮಾಡಿದ್ದಳು. ಟೈಮ್ ಎಷ್ಟಾಯ್ತು ಅಂದೆ. “ಒಂದು ನಿಮಿಷ ಹತ್ತು ಸೆಕೆಂಡ್. ಅದನ್ನ ಬಿಡು, ರಬ್ಬರ್ ಹರದೈತಿ. ಮತ್ತ ಮೂರು ಮಂದಿ ಸಣ್ಣ ಕೈಯಾವರು ಅದಾರ ಇಲ್ಲಿ. ಟ್ಯೂಬ್ ಜಾಸ್ತಿ ತಗೊಂಡು ಬಾ.”